ಲಂಡನ್ ನಗರದ ಸ್ಮಾರಕ ಫಲಕಗಳು ಮತ್ತು ಬಸವೇಶ್ವರ ಪ್ರತಿಮೆ

ಮಹನೀಯರು ಬಾಳಿದ ಮನೆಯ ಗೋಡೆಗೆ ಅವರ ಹೆಸರು, ಕಾಲ ಹಾಗೂ ಕಾಯಕವನ್ನು ಬರೆದ ದುಂಡನೆಯ ನೀಲಿ ಫಲಕವನ್ನು ಅಳವಡಿಸುವ ಪದ್ಧತಿಗೆ ಲಂಡನ್ ನಗರವು ಹೆಸರಾಗಿದೆ. 1863ರಲ್ಲಿ ವಿಲಿಯಂ ಯೂವರ್ಟ್ ಎಂಬ ಸಂಸದರು ಈ ವಿಚಾರವನ್ನು ಬ್ರಿಟಿಷ್ ಸಂಸತ್ತಿನಲ್ಲಿ ಮಂಡಿಸಿದರು. 1866ರಲ್ಲಿ ಸೊಸೈಟಿ ಆಫ್ ಆರ್ಟ್ಸ್ ಸಂಸ್ಥೆಯು ಅದನ್ನು ಕೈಗೆತ್ತಿಕೊಂಡಿತು. 1986ರಿಂದ ಇಂಗ್ಲಿಷ್ ಹೆರಿಟೇಜ್ ಸಂಸ್ಥೆಯು ಇದನ್ನು ನಿರ್ವಹಿಸುತ್ತಿದೆ.

ಫಲಕಕ್ಕೆ ನಿಯಮಗಳುಂಟು. ಸ್ಮರಣೀಯರು ಗತಿಸಿ ಕನಿಷ್ಠ 20 ವರ್ಷಗಳಾಗಿರಬೇಕು. ಅವರು ವಾಸಿಸಿದ ಇಲ್ಲವೇ ದುಡಿದ ಕಟ್ಟಡವು ಇಂದಿಗೂ ಉಳಿದಿರಬೇಕು. ತತ್ಕಾಲದ ಜನಪ್ರಿಯತೆಗೆ ಇಲ್ಲಿ ಮನ್ನಣೆಯಿಲ್ಲ. ಕಾಲದ ಒರೆಗಲ್ಲಿಗೆ ಹಚ್ಚಿದ ಬಳಿಕವೇ ಗೌರವ.

ಭಾರತೀಯರ ನೆನಪುಗಳೂ ಈ ಗೋಡೆಗಳ ಮೇಲಿವೆ. 1912ರಲ್ಲಿ ರವೀಂದ್ರನಾಥ ಠಾಕೂರರು ತಂಗಿದ್ದ ಹ್ಯಾಂಪ್‌ಸ್ಟೆಡ್‌ನ ಮನೆ, 1931ರ ದುಂಡುಮೇಜಿನ ಪರಿಷತ್ತಿಗೆ ಬಂದಾಗ ಗಾಂಧೀಜಿಯವರು ಶ್ರಮಿಕರ ಬಡಾವಣೆಯಲ್ಲಿ ಆರಿಸಿಕೊಂಡ ಕಿಂಗ್‌ಸ್ಲಿ ಹಾಲ್ ಇವುಗಳಲ್ಲಿ ಮುಖ್ಯವಾದವು. ಎರಡನೆಯ ಮಹಾಯುದ್ಧದಲ್ಲಿ ನಾಜಿಗಳ ವಿರುದ್ಧ ಗುಪ್ತಸೇವೆ ಸಲ್ಲಿಸಿ ಬಲಿದಾನಗೈದ, ಟಿಪ್ಪು ಸುಲ್ತಾನರ ವಂಶಜೆ ನೂರ್ ಇನಾಯತ್ ಖಾನ್ ಅವರ ಫಲಕವು 2020ರಲ್ಲಿ ಸ್ಥಾಪಿತವಾಯಿತು.

ಹನ್ನೆರಡನೆಯ ಶತಮಾನದ ಬಸವಣ್ಣನವರು ಲಂಡನ್ನಿನಲ್ಲಿ ನೆಲೆಸಿದವರಲ್ಲವಾದ್ದರಿಂದ ಅವರಿಗೆ ಇಂತಹ ಫಲಕ ಸಲ್ಲದು. ಆದರೆ ಥೇಮ್ಸ್ ನದಿಯ ದಡದಲ್ಲಿ, ಲ್ಯಾಂಬೆತ್‌ನ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ ಅವರ ಪ್ರತಿಮೆಯಿದೆ. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರು ಅದನ್ನು ಅನಾವರಣಗೊಳಿಸಿದರು. ಅನತಿದೂರದಲ್ಲಿ, ನದಿಯ ಆಚೆ ದಡದಲ್ಲಿ, ಬ್ರಿಟಿಷ್ ಸಂಸತ್ ಭವನವಿದೆ. ಕುಲಭೇದವಿಲ್ಲದೆ ಎಲ್ಲರೂ ಕುಳಿತು ಮಾತನಾಡಿದ ಅನುಭವ ಮಂಟಪದ ನೆನಪಿಗೆ ಇದು ತಕ್ಕ ತಾಣವೆಂದು ನಾವು ಭಾವಿಸುತ್ತೇವೆ.

ಸ್ಥಾವರಕ್ಕಿಂತ ಜಂಗಮವೇ ಹಿರಿದೆಂದು ಸಾರಿದ ಶರಣರಿಗೆ ಪ್ರತಿಮೆಯೇಕೆ ಎಂದು ಕೆಲವು ಭಕ್ತರು ಕೇಳುವುದುಂಟು. ಪ್ರಶ್ನೆ ಯೋಗ್ಯವಾದುದೇ. ಲಂಡನ್ನಿನ ಮೊಟ್ಟಮೊದಲ ಫಲಕವನ್ನು 1867ರಲ್ಲಿ ಕವಿ ಬೈರನ್ ಜನಿಸಿದ ಮನೆಗೆ ಹಾಕಲಾಯಿತು. 1889ರಲ್ಲಿ ಆ ಮನೆಯನ್ನೇ ಕೆಡವಲಾಯಿತು. ಗೋಡೆ ಉರುಳಿತು, ಕಾವ್ಯ ಉಳಿಯಿತು. ಸ್ಮಾರಕವು ದಾರಿ ತೋರುವ ಕೈಮರವೇ ಹೊರತು ಸೇರಬೇಕಾದ ಊರಲ್ಲ. ಮಾಲಾರ್ಪಣೆಯೊಡನೆ ಮುಗಿದುಹೋಗುವ ಭಕ್ತಿ ಕಲ್ಲಿನಲ್ಲಿಯೇ ನಿಲ್ಲುತ್ತದೆ. ವಚನವನ್ನು ಓದಿಸಿ, ಕಾಯಕ ದಾಸೋಹಗಳಿಗೆ ಮನಸ್ಸನ್ನು ತಿರುಗಿಸಿದರೆ ಆ ಸ್ಥಾವರವೂ ಜಂಗಮವಾಗುತ್ತದೆ.

ಲಂಡನ್ನಿಗೆ ತೆರಳುವ ಸದ್ಭಕ್ತರು ಬಸವಣ್ಣನವರ ಸನ್ನಿಧಿಗೆ ಹೋಗಿಬರಲಿ. ಜೊತೆಯಲ್ಲಿರುವ ಮಕ್ಕಳಿಗೆ ಅಲ್ಲಿಯೇ ಒಂದು ವಚನದ ಅರ್ಥವನ್ನು ತಿಳಿಸಿಕೊಡಲಿ ಎಂಬುದು ನಮ್ಮ ಹಾರೈಕೆ.