ಇಳಿಸಿದ ಹೊರೆ ಎಲ್ಲಿ ಹೋಯಿತು: ಹಗುರ ಚಾರಣದ ಒಂದು ಚರಿತ್ರೆ

ಪರ್ವತಪ್ರದೇಶದಲ್ಲಿ ಹಲವು ದಿನಗಳ ಕಾಲ ಒಂಟಿಯಾಗಿ ನಡೆಯುವ ಚಾರಣಿಗರು ತಮ್ಮ ಹೊರೆಯನ್ನು ತೂಗುವಾಗ, ದಿನದಿನಕ್ಕೂ ಕರಗುವ ಆಹಾರ, ನೀರು ಮತ್ತು ಇಂಧನವನ್ನು ಬದಿಗಿಟ್ಟು, ಚೀಲ, ಗುಡಾರ, ಹಾಸಿಗೆ, ಬಟ್ಟೆ, ಪಾತ್ರೆಗಳಂತೆ ಮೊದಲಿನಿಂದ ಕೊನೆಯವರೆಗೆ ಬದಲಾಗದೆ ಉಳಿಯುವ ಸಾಮಾನುಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಮೂಲಭಾರ ಎಂದು ಕರೆಯಬಹುದಾದ ಈ ತೂಕ 10 ಪೌಂಡಿಗಿಂತ, ಅಂದರೆ ಸುಮಾರು 4.5 ಕಿಲೊಗ್ರಾಮಿಗಿಂತ ಕಡಿಮೆಯಿದ್ದರೆ ಅದನ್ನು ಅತಿಹಗುರ ಚಾರಣವೆಂದು ಗಣಿಸುವುದು ಅಮೆರಿಕದ ದೀರ್ಘ ಕಾಲುದಾರಿಗಳಲ್ಲಿ ಬೆಳೆದುಬಂದ ರೂಢಿ. ಈ ಹಗುರತನದ ಚರಿತ್ರೆಯನ್ನು ನೈಲಾನ್, ಅಲ್ಯೂಮಿನಿಯಂ, ಟೈಟಾನಿಯಂಗಳ ಚರಿತ್ರೆಯಾಗಿ ಹೇಳುವುದೇ ವಾಡಿಕೆಯಾಗಿದ್ದು, ಅದರಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಹೊಸ ವಸ್ತುಗಳು ಹುಟ್ಟುವುದಕ್ಕೆ ಬಹಳ ಮೊದಲೇ ಹಗುರವಾಗಿ ನಡೆದವರಿದ್ದರು. ಅವರ ಹೊರೆಯನ್ನು ಬಿಚ್ಚಿ ನೋಡಿದರೆ, ಬೆನ್ನಿನಿಂದ ಇಳಿದ ಭಾರದಲ್ಲಿ ಬಹುಪಾಲು ಮಾಯವಾಗದೆ ಮತ್ತೊಬ್ಬರ ಮನೆ, ಮತ್ತೊಬ್ಬರ ಶ್ರಮ ಅಥವಾ ಮತ್ತೊಂದು ವ್ಯವಸ್ಥೆಯ ಮೇಲೆ ಕುಳಿತಿರುವುದು ಕಾಣುತ್ತದೆ.

ಇದರ ಮೊದಲ ಸ್ಪಷ್ಟ ಉದಾಹರಣೆ ನ್ಯೂಯಾರ್ಕ್ ರಾಜ್ಯದ ಉತ್ತರಭಾಗದ ಅಡಿರಾಂಡಾಕ್ ಬೆಟ್ಟಸಾಲಿನಲ್ಲಿ ದೊರೆಯುತ್ತದೆ. ಸರೋವರಗಳು ಹೊಳೆಗಳಿಂದಲೂ ಕಾಲುದಾರಿಗಳಿಂದಲೂ ಒಂದಕ್ಕೊಂದು ಕೂಡಿಕೊಂಡಿರುವ ಆ ಸೀಮೆಗೆ 19ನೆಯ ಶತಮಾನದ ಉತ್ತರಾರ್ಧದಲ್ಲಿ ಬೇಸಿಗೆ ಕಳೆಯಲು ಬರುತ್ತಿದ್ದ ನಗರದ ಸಿರಿವಂತರು ಸ್ಥಳೀಯ ಮಾರ್ಗದರ್ಶಿಗಳನ್ನು ಗೊತ್ತುಮಾಡಿಕೊಳ್ಳುತ್ತಿದ್ದರು. ದೋಣಿಗೆ ಹುಟ್ಟು ಹಾಕುವುದು, ಒಂದು ಸರೋವರದಿಂದ ಇನ್ನೊಂದಕ್ಕೆ ಅದನ್ನು ಹೆಗಲ ಮೇಲೆ ಸಾಗಿಸುವುದು, ಅಡುಗೆ ಮಾಡುವುದು, ಹಾಸಿಗೆ ಹಾಕುವುದು ಎಲ್ಲವೂ ಮಾರ್ಗದರ್ಶಿಯ ಪಾಲಿನ ಕೆಲಸವಾಗಿತ್ತು. ಪೆನ್ಸಿಲ್ವೇನಿಯಾದ ವೆಲ್ಸ್‌ಬರೊ ಊರಿನಲ್ಲಿ ಪಾದರಕ್ಷೆ ಹೊಲಿಯುವ ಕಸುಬಿನ, ಕುಳ್ಳ ಮೈಕಟ್ಟಿನ, ಶ್ವಾಸಕೋಶದ ಕಾಯಿಲೆಯಿಂದ ಬಳಲುತ್ತಿದ್ದ ಜಾರ್ಜ್ ವಾಷಿಂಗ್ಟನ್ ಸಿಯರ್ಸ್‌ಗೆ ಈ ಏರ್ಪಾಟು ಒಗ್ಗುವಂತಿರಲಿಲ್ಲ. ನೆಸ್‌ಮಕ್ ಎಂಬ ಹೆಸರಿನಲ್ಲಿ ‘ಫಾರೆಸ್ಟ್ ಅಂಡ್ ಸ್ಟ್ರೀಮ್’ ಪತ್ರಿಕೆಗೆ ಬರೆಯುತ್ತಿದ್ದ ಆತ, ಮಾರ್ಗದರ್ಶಿಯಿಲ್ಲದೆ ಒಬ್ಬನೇ ತಿರುಗಾಡಬೇಕಾದರೆ ದೋಣಿಯನ್ನೂ ಒಬ್ಬನೇ ಹೊರುವಂತಿರಬೇಕೆಂದು ಮನಗಂಡು, ಕ್ಯಾಂಟನ್ ಊರಿನ ದೋಣಿ ತಯಾರಕ ಜೆ. ಹೆನ್ರಿ ರಶ್ಟನ್ ಕೈಯಲ್ಲಿ ಒಂದಕ್ಕಿಂತ ಒಂದು ಹಗುರವಾದ ದೋಣಿಗಳನ್ನು ಮಾಡಿಸಿಕೊಂಡ. 1883ರಲ್ಲಿ ಆತ 266 ಮೈಲಿಗಳ ಪ್ರಯಾಣಕ್ಕೆ ಬಳಸಿದ ‘ಸೇರಿ ಗ್ಯಾಂಪ್’ ಎಂಬ ದೋಣಿ 9 ಅಡಿ ಉದ್ದವಿದ್ದು, ಅದರ ತೂಕ ಹತ್ತೂವರೆ ಪೌಂಡು, ಅಂದರೆ 5 ಕಿಲೊಗ್ರಾಮಿಗೂ ಕಡಿಮೆ. ನೀರನ್ನೇ ಮುಟ್ಟದೆ ಮದ್ಯವನ್ನಷ್ಟೇ ಬಲ್ಲ ಡಿಕನ್ಸ್‌ನ ಪಾತ್ರವೊಂದರ ಹೆಸರನ್ನು, ಒಳಗೆ ನೀರು ಬಿಟ್ಟುಕೊಳ್ಳದಿರಲೆಂಬ ಹಾರೈಕೆಯಿಂದ ದೋಣಿಗೆ ಇಟ್ಟದ್ದರಲ್ಲಿ ಆತನ ವಿನೋದಬುದ್ಧಿಯೂ ಕಾಣುತ್ತದೆ.

1884ರಲ್ಲಿ ಪ್ರಕಟವಾದ ‘ವುಡ್‌ಕ್ರಾಫ್ಟ್’ ಎಂಬ ತನ್ನ ಪುಸ್ತಕದಲ್ಲಿ ನೆಸ್‌ಮಕ್, ದೋಣಿ, ಬಟ್ಟೆ, ಕಂಬಳಿಚೀಲ, ಪುಟ್ಟ ಕೊಡಲಿ, ಮೀನಿನ ಗಾಳದ ಕೋಲು ಮತ್ತು ಎರಡು ದಿನದ ಆಹಾರವೆಲ್ಲ ಸೇರಿ ತನ್ನ ಹೊರೆ 26 ಪೌಂಡನ್ನು ಎಂದೂ ಮೀರಲಿಲ್ಲವೆಂದು ದಾಖಲಿಸಿದ್ದಾನೆ. ನೈಲಾನ್ ಹುಟ್ಟುವುದಕ್ಕೆ ಅರ್ಧ ಶತಮಾನ ಮೊದಲಿನ ಈ ಅಂಕಿ ಇಂದಿಗೂ ಬೆರಗು ಹುಟ್ಟಿಸುವಂಥದ್ದೇ. ಆದರೆ ಈ ಪಟ್ಟಿಯಲ್ಲಿ ಗಮನಿಸಬೇಕಾದುದು ದೋಣಿಯ ತೂಕಕ್ಕಿಂತ ಹೆಚ್ಚಾಗಿ ‘ಎರಡು ದಿನದ ಆಹಾರ’ ಎಂಬ ಅಂಶ. ಅದೇ ಸಿರಿವಂತ ಪ್ರವಾಸಿಗರಿಗಾಗಿ ಕಾಡಿನ ನಡುವೆ ಅಲ್ಲಲ್ಲಿ ತಲೆಯೆತ್ತಿದ್ದ ವಸತಿಗೃಹಗಳು ಇದ್ದುದರಿಂದಲೇ ಅಷ್ಟು ಬುತ್ತಿ ಸಾಕಾಗುತ್ತಿತ್ತು. ಯಾರ ವೈಭವವನ್ನು ನೆಸ್‌ಮಕ್ ಗೇಲಿ ಮಾಡಿದನೋ ಅವರ ಹಣವೇ ಅವನ ಚೀಲವನ್ನು ಹಗುರ ಮಾಡಿತ್ತು.

ಹಿಮಾಲಯದಲ್ಲಿ ಇದೇ ಪ್ರಶ್ನೆ ಇನ್ನಷ್ಟು ನೇರವಾಗಿ ಎದುರಾಗುತ್ತದೆ. ಹೊರೆಯಾಳುಗಳು ದೊರೆಯುವಲ್ಲಿ ಸಾಮಾನನ್ನು ಕಡಿಮೆ ಮಾಡುವ ಒತ್ತಡವೇ ಹುಟ್ಟುವುದಿಲ್ಲ. 1953ರ ಬ್ರಿಟಿಷ್ ಎವರೆಸ್ಟ್ ತಂಡಕ್ಕೆ 350ಕ್ಕೂ ಹೆಚ್ಚು ಮಂದಿ, 1963ರ ಅಮೆರಿಕನ್ ತಂಡಕ್ಕೆ ಸುಮಾರು 900 ಮಂದಿ ಹೊರೆಯಾಳುಗಳು ದುಡಿದದ್ದು ಆ ಮನೋಭಾವದ ಫಲ. ಹೊಸತನ ಕಂಡಾಗಲೂ ಅದಕ್ಕೆ ಸ್ವಾಗತವಿರಲಿಲ್ಲ. 1922ರ ಎವರೆಸ್ಟ್ ತಂಡದಲ್ಲಿದ್ದ ಜಾರ್ಜ್ ಫಿಂಚ್ ಎಂಬ ರಸಾಯನವಿಜ್ಞಾನಿ ಬಲೂನಿನ ಬಟ್ಟೆಯೊಳಗೆ ಹಕ್ಕಿಯ ಮೃದುಪುಕ್ಕ ತುಂಬಿಸಿ ಹೊಲಿಸಿಕೊಂಡ ಕೋಟು, ಉಣ್ಣೆಗಿಂತ ಹಗುರವೂ ಬೆಚ್ಚಗೂ ಇದ್ದರೂ, ಮೊದಮೊದಲು ಸಹಚರರ ನಗೆಗೆ ಗುರಿಯಾಯಿತು. ಈ ಧೋರಣೆಗೆ ಎದುರಾಗಿ ಪರ್ವತಾರೋಹಿಗಳಾದ ಎರಿಕ್ ಶಿಪ್ಟನ್ ಮತ್ತು ಬಿಲ್ ಟಿಲ್ಮನ್ 1934ರಲ್ಲಿ ಅಂಗ್ ಥರ್ಕೆ, ಪಸಂಗ್ ಮತ್ತು ಕುಸಂಗ್ ಎಂಬ ಮೂವರು ಶೆರ್ಪಾಗಳೊಂದಿಗೆ ಋಷಿಗಂಗಾ ಕಮರಿಯನ್ನು ಭೇದಿಸಿ, ಅದುವರೆಗೆ ಯಾರೂ ಹೊಕ್ಕ ದಾಖಲೆಯಿಲ್ಲದ, ನಂದಾದೇವಿ ಶಿಖರದ ಸುತ್ತಲಿನ ಒಳಾಂಗಣವನ್ನು ಮುಟ್ಟಿದರು. ಡಬ್ಬಿಗಳಲ್ಲಿ ಬರುತ್ತಿದ್ದ ಯುರೋಪಿನ ತಿನಿಸನ್ನು ಕೈಬಿಟ್ಟು ಸ್ಥಳೀಯ ಹಿಟ್ಟು, ಅಕ್ಕಿ, ತುಪ್ಪಗಳನ್ನು ನೆಚ್ಚಿದ್ದು ಮತ್ತು ಶೆರ್ಪಾಗಳ ಜೊತೆಗೆ ತಾವೂ ಹೊರೆ ಹೊತ್ತದ್ದು ಅವರ ವಿಧಾನದ ತಿರುಳು. ಆದರೂ ಕಮರಿಯ ಬಾಯಿಯವರೆಗೆ ಭಾರ ತಂದವರು ಪಶ್ಚಿಮ ನೇಪಾಳದ ದೋಟಿ ಸೀಮೆಯ ಕೂಲಿಗಳೇ. 1980ರ ಆಗಸ್ಟ್ 20ರಂದು ರೈನ್‌ಹೋಲ್ಡ್ ಮೆಸ್ನರ್ ಆಮ್ಲಜನಕದ ಸಿಲಿಂಡರುಗಳಿಲ್ಲದೆ ಎವರೆಸ್ಟನ್ನು ಒಬ್ಬನೇ ಏರಿದಾಗಲೂ, ಕೊನೆಯ ಮೂರು ದಿನಗಳ ಪುಟ್ಟ ಗುಡಾರ ಮತ್ತು ಚೀಲದ ಹಿಂದೆ ಟಿಬೆಟ್ಟಿನ ಯಾಕ್‌ಗಳು ಸಾಗಿಸಿದ ಸರಂಜಾಮು ಇತ್ತು.

ಇತ್ತ ಅಮೆರಿಕದಲ್ಲಿ ಎರಡನೆಯ ಮಹಾಯುದ್ಧದ ನಂತರ ನಡೆದದ್ದು ಮೇಲುನೋಟಕ್ಕೆ ವಿಚಿತ್ರವಾಗಿ ಕಾಣುತ್ತದೆ. ಪ್ಯಾರಾಶೂಟಿನಿಂದ ಉಳಿದ ನೈಲಾನ್, ವಿಮಾನೋದ್ಯಮದ ಅಲ್ಯೂಮಿನಿಯಂ ಮುಂತಾದ ಹಗುರ ವಸ್ತುಗಳು ಪೇಟೆಗೆ ಬಂದವು. 1952ರಲ್ಲಿ ಕ್ಯಾಲಿಫೋರ್ನಿಯಾದ ಡಿಕ್ ಕೆಲ್ಟಿ ಅವುಗಳನ್ನೇ ಬಳಸಿ ಅಲ್ಯೂಮಿನಿಯಂ ಚೌಕಟ್ಟಿನ ಬೆನ್ನುಚೀಲವನ್ನು ಮಾರಾಟಕ್ಕಿಟ್ಟ. ಅದರ ಹಿರಿಮೆಯಿದ್ದದ್ದು ಸೊಂಟಪಟ್ಟಿಯಲ್ಲಿ: ಹೆಗಲು ಮತ್ತು ಬೆನ್ನೆಲುಬಿನ ಮೇಲಿನ ಭಾರವನ್ನು ಅದು ಚೌಕಟ್ಟಿನ ಮೂಲಕ ಸೊಂಟದ ಎಲುಬಿಗೂ ಅಲ್ಲಿಂದ ಕಾಲುಗಳಿಗೂ ವರ್ಗಾಯಿಸುತ್ತಿತ್ತು. ಹೊರುವುದು ಸುಲಭವಾದ ಕೂಡಲೇ ಹೊರೆ ಹೆಚ್ಚಿತು. ಒಂಟಿ ಚಾರಣದ ಕೈಪಿಡಿಯೆಂದು ಹೆಸರಾದ ಕಾಲಿನ್ ಫ್ಲೆಚರ್‌ನ ‘ದ ಕಂಪ್ಲೀಟ್ ವಾಕರ್’ (1968) ಬೆನ್ನುಚೀಲವನ್ನು ಗೋಡೆ, ಅಡುಗೆಮನೆ, ಮಲಗುವ ಕೋಣೆಗಳುಳ್ಳ ಮನೆಯಂತೆ ವಿಂಗಡಿಸಿ ವಿವರಿಸಿದ್ದು ಆ ಕಾಲದ ಕಲ್ಪನೆಗೆ ಕನ್ನಡಿ ಹಿಡಿಯುತ್ತದೆ. ಮನೆಯೆಂದ ಮೇಲೆ ಸಾಮಾನು ಬೇಕಾಗುವುದು ಸಹಜ. ಅದೇ ಫ್ಲೆಚರ್ 1963ರಲ್ಲಿ ಆಗಿನ ಗ್ರ್ಯಾಂಡ್ ಕ್ಯಾನಿಯನ್ ರಾಷ್ಟ್ರೀಯ ಉದ್ಯಾನದ ಉದ್ದಕ್ಕೂ ಒಬ್ಬನೇ ನಡೆದಾಗ ಆಹಾರದ ಒಂದು ಭಾಗವನ್ನು ಮೊದಲೇ ಬಚ್ಚಿಟ್ಟು, ಇನ್ನೊಂದು ಭಾಗವನ್ನು ವಿಮಾನದಿಂದ ಉದುರಿಸಿಕೊಂಡಿದ್ದ.

ಈ ಹಿನ್ನೆಲೆಯಲ್ಲಿ ಎಮ್ಮಾ ಗೇಟ್‌ವುಡ್ ಅವರ ನಡಿಗೆ ಇನ್ನೊಂದು ದಿಕ್ಕನ್ನು ತೋರಿಸುತ್ತದೆ. ಬೆಂಟನ್ ಮಕೈ 1921ರಲ್ಲಿ ಸೂಚಿಸಿ, 1937ರಲ್ಲಿ ಪೂರ್ಣಗೊಂಡ ಅಪಲೇಷಿಯನ್ ಟ್ರೇಲ್ ಎಂಬ ಬೆಟ್ಟದ ಕಾಲುದಾರಿ ಜಾರ್ಜಿಯಾದಿಂದ ಮೇನ್ ರಾಜ್ಯದವರೆಗೆ 3,000 ಕಿಲೊಮೀಟರಿಗೂ ಹೆಚ್ಚು ಉದ್ದಕ್ಕೆ ಹಬ್ಬಿದೆ. ಓಹಿಯೊದ ರೈತಾಪಿ ಹೆಂಗಸು, 11 ಮಕ್ಕಳ ತಾಯಿ ಗೇಟ್‌ವುಡ್ 1954ರಲ್ಲಿ ಒಮ್ಮೆ ಪ್ರಯತ್ನಿಸಿ ಸೋತು, ಮರುವರ್ಷ ತಮ್ಮ 67ನೆಯ ವಯಸ್ಸಿನಲ್ಲಿ ಅದನ್ನು ಒಂಟಿಯಾಗಿ ಪೂರ್ತಿ ನಡೆದು, 1955ರ ಸೆಪ್ಟೆಂಬರ್ 25ರಂದು ಕಟಾಡಿನ್ ಶಿಖರವನ್ನು ತಲುಪಿದರು. ಕ್ಯಾನ್ವಾಸ್ ಷೂ ಧರಿಸಿದ್ದ ಅವರ ಬಳಿ ಗುಡಾರವಿರಲಿಲ್ಲ, ಮಲಗುವ ಚೀಲವಿರಲಿಲ್ಲ, ಚೌಕಟ್ಟಿನ ಬೆನ್ನುಚೀಲವೂ ಇರಲಿಲ್ಲ. ಡೆನಿಮ್ ಬಟ್ಟೆಯಲ್ಲಿ ತಾವೇ ಹೊಲಿದು ಒಂದೇ ಹೆಗಲಿಗೆ ಹಾಕಿಕೊಂಡ ಚೀಲದಲ್ಲಿ ಸೈನ್ಯದ ಒಂದು ಕಂಬಳಿ, ಮಳೆಯಂಗಿ, ಸ್ನಾನದ ಮನೆಯ ಪ್ಲಾಸ್ಟಿಕ್ ಪರದೆ, ಒಣದ್ರಾಕ್ಷಿ, ಬೀಜಗಳು, ಡಬ್ಬಿಯ ಸಾಸೇಜು ಮುಂತಾದವು ಇದ್ದವು.

ಗೇಟ್‌ವುಡ್ ಅವರನ್ನು ಅತಿಹಗುರ ಚಾರಣದ ತಾಯಿಯೆಂದು ಕೊಂಡಾಡುವವರು ಸಾಮಾನ್ಯವಾಗಿ ಈ ಪಟ್ಟಿಯಲ್ಲೇ ನಿಂತುಬಿಡುತ್ತಾರೆ. ಪಟ್ಟಿಯಲ್ಲಿಲ್ಲದ ಸಂಗತಿಗಳಿಗೆ ಅಷ್ಟೇ ತೂಕವಿದೆ: ದಾರಿಯುದ್ದಕ್ಕೂ ಸ್ವಯಂಸೇವಕ ಸಂಘಗಳು ಕಟ್ಟಿದ್ದ, ಮೂರು ಗೋಡೆಗಳ ಮೇಲೆ ಇಳಿಜಾರು ಸೂರಿರುವ ತಂಗುದಾಣಗಳು ಅವರ ಗುಡಾರವಾದವು, ದಾರಿಬದಿಯ ಹಳ್ಳಿಗಳ ಅಪರಿಚಿತರು ಊಟ ಹಾಕಿ, ಹಾಸಿಗೆ ಕೊಟ್ಟರು, ಪತ್ರಿಕೆಗಳಲ್ಲಿ ಸುದ್ದಿ ಹಬ್ಬಿದಂತೆ ಆ ಆತಿಥ್ಯವೂ ಹೆಚ್ಚಿತು. ಇದರಿಂದ ಅವರ ಸಾಹಸಕ್ಕೆ ಕುಂದೇನೂ ಬರುವುದಿಲ್ಲ. 1957ರಲ್ಲಿ ಮತ್ತೊಮ್ಮೆ, 1964ರ ಹೊತ್ತಿಗೆ ಭಾಗಭಾಗವಾಗಿ ಮೂರನೆಯ ಬಾರಿ ಅದೇ ದಾರಿಯನ್ನು ಮುಗಿಸಿದ ಅವರು, ಜನವಸತಿಯ ಅಂಚಿನಲ್ಲಿ ಸಾಗುವ ದಾರಿಯಲ್ಲಿ ಯಾವುದನ್ನು ಹೊರಬೇಕಾಗಿಲ್ಲ ಎಂಬುದನ್ನು ತಜ್ಞರಿಗಿಂತ ಚೆನ್ನಾಗಿ ಅರಿತಿದ್ದರೆಂದೇ ಹೇಳಬೇಕು.

ಅನುಭವದಿಂದ ಬಂದ ಈ ಅರಿವನ್ನು ಶಾಸ್ತ್ರವಾಗಿ ಕಟ್ಟಿದವನು ರೇ ಜಾರ್ಡೀನ್. ಬಾಹ್ಯಾಕಾಶ ಉದ್ಯಮದಲ್ಲಿ ಕೆಲಸ ಮಾಡಿದ್ದ, ಬಂಡೆಯ ಬಿರುಕಿನಲ್ಲಿ ಹಿಗ್ಗಿ ಕಚ್ಚಿಕೊಳ್ಳುವ ‘ಫ್ರೆಂಡ್ಸ್’ ಎಂಬ ಸಾಧನವನ್ನು ರೂಪಿಸಿ ಶಿಲಾರೋಹಿಗಳ ನಡುವೆ ಖ್ಯಾತನಾಗಿದ್ದ ಆತ, ಪತ್ನಿ ಜೆನ್ನಿಯೊಂದಿಗೆ ಮೆಕ್ಸಿಕೊ ಗಡಿಯಿಂದ ಕೆನಡಾ ಗಡಿಯವರೆಗಿನ ಸುಮಾರು 4,265 ಕಿಲೊಮೀಟರಿನ ಪೆಸಿಫಿಕ್ ಕ್ರೆಸ್ಟ್ ಟ್ರೇಲನ್ನು ಒಂದಕ್ಕಿಂತ ಹೆಚ್ಚು ಬಾರಿ ನಡೆದು, ಪ್ರತಿ ಬಾರಿಯೂ ಹೊರೆ ತಗ್ಗಿಸುತ್ತ ಹೋಗಿ, 1992ರಲ್ಲಿ ತನ್ನ ವಿಧಾನವನ್ನು ಕೈಪಿಡಿಯಾಗಿ ಪ್ರಕಟಿಸಿದ. ಆತನ ತರ್ಕ ಸರಪಣಿಯ ರೂಪದ್ದು. ಮೈಯಡಿ ಸಿಕ್ಕಿ ಚಪ್ಪಟೆಯಾದ ಪುಕ್ಕ ಗಾಳಿಯನ್ನು ಹಿಡಿದಿಡಲಾರದ್ದರಿಂದ ಬೆಚ್ಚಗಿಡುವುದೂ ಇಲ್ಲ, ಆದಕಾರಣ ಮಲಗುವ ಚೀಲದ ಕೆಳಭಾಗ ವ್ಯರ್ಥ, ಮೇಲುಹೊದಿಕೆಯಷ್ಟೇ ಸಾಕು. ಗುಡಾರದ ಬದಲು ಎಳೆದು ಕಟ್ಟುವ ಒಂದು ಚಪ್ಪರಬಟ್ಟೆ ಸಾಕು. ಇಷ್ಟು ಇಳಿದ ಮೇಲೆ ಚೀಲಕ್ಕೆ ಚೌಕಟ್ಟು ಬೇಡ. ಚೀಲ ಹಗುರವಾದರೆ ಕಣಕಾಲನ್ನು ಬಿಗಿಯುವ ಭಾರಿ ಬೂಟು ಬೇಡ, ಓಟದ ಷೂ ಸಾಲುತ್ತದೆ. ಒಂದೊಂದು ಕಡಿತವೂ ಮುಂದಿನದಕ್ಕೆ ದಾರಿ ಮಾಡುವ ಈ ಕ್ರಮದಲ್ಲಿ ಬಹುಪಾಲು ಸಾಮಾನು ಮನೆಯ ಹೊಲಿಗೆ ಯಂತ್ರದಲ್ಲೇ ತಯಾರಾಗುತ್ತಿತ್ತು. 1992ರ ಅಮೆರಿಕಾಸ್ ಕಪ್ ನೌಕಾಸ್ಪರ್ಧೆಯ ಹಾಯಿಗಳಿಗೆಂದು ಬೆಳೆದ, ತೂಕಕ್ಕೆ ತೂಕ ಹೋಲಿಸಿದರೆ ಉಕ್ಕಿಗಿಂತ ಬಲವಾದ ಪಾಲಿಎಥಿಲೀನ್ ನಾರಿನ ಬಟ್ಟೆ ಚಾರಣಿಗರ ಕೈಸೇರಿದ್ದು ಆಮೇಲೆ; ವಿಚಾರ ಮುಂದೆ ನಡೆದು ವಸ್ತು ಹಿಂದೆ ಬಂದಿತೆನ್ನಬೇಕು.

ಸೂರುಗಳಿಲ್ಲದ, ಊರುಗಳೂ ದೂರವಿರುವ, ಜಾರ್ಡೀನ್ ನಡೆದ ಪಶ್ಚಿಮದ ದಾರಿಯಲ್ಲಿ ಭಾರವನ್ನು ಹೊತ್ತದ್ದು ಅಂಚೆ ಇಲಾಖೆ. ಹೊರಡುವ ಮೊದಲೇ ಆಹಾರವನ್ನು ಪೆಟ್ಟಿಗೆಗಳಲ್ಲಿ ಕಟ್ಟಿ, ದಾರಿ ಸಮೀಪದ ಅಂಚೆ ಕಚೇರಿಗಳಿಗೆ ತಮ್ಮದೇ ಹೆಸರಿನಲ್ಲಿ ಕಳುಹಿಸಿ, ಕೆಲವು ದಿನಗಳಿಗೊಮ್ಮೆ ಬಿಡಿಸಿಕೊಳ್ಳುವ ಪದ್ಧತಿಯಿಲ್ಲದೆ ಜಾರ್ಡೀನನ ಚೀಲ ಅಷ್ಟು ಚಿಕ್ಕದಾಗಲು ಸಾಧ್ಯವಿರಲಿಲ್ಲ.

ಹಗುರತನದ ವೆಚ್ಚವನ್ನು ಕಾಡೂ ತೆತ್ತಿದೆ. ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಪರ್ವತಗಳಲ್ಲಿ ಚಾರಣಿಗರು ಆಹಾರದ ಚೀಲವನ್ನು ಹಗ್ಗದಿಂದ ಮರಕ್ಕೆ ತೂಗುಹಾಕುತ್ತಿದ್ದರು. ಹಗ್ಗದ ತೂಕ ಅತ್ಯಲ್ಪ, ಆದರೆ ಅಲ್ಲಿನ ಕಪ್ಪು ಕರಡಿಗಳು ಅದನ್ನು ಇಳಿಸುವುದನ್ನು ಬೇಗ ಕಲಿತವು, ಮನುಷ್ಯರ ತಿನಿಸಿನ ರುಚಿ ಹತ್ತಿ ಅಪಾಯಕಾರಿಯಾದವುಗಳನ್ನು ಅರಣ್ಯಾಧಿಕಾರಿಗಳು ಕೊಲ್ಲಬೇಕಾಯಿತು. 1990ರ ದಶಕದಿಂದೀಚೆಗೆ ಯೊಸೆಮಿಟಿ ರಾಷ್ಟ್ರೀಯ ಉದ್ಯಾನವೂ ಸೇರಿದಂತೆ ಅನೇಕ ಪ್ರದೇಶಗಳಲ್ಲಿ ಕರಡಿಗೆ ತೆರೆಯಲಾಗದ ಗಟ್ಟಿ ಡಬ್ಬಿಯಲ್ಲೇ ಆಹಾರ ಒಯ್ಯಬೇಕೆಂಬ ನಿಯಮ ಕ್ರಮೇಣ ಜಾರಿಗೆ ಬಂತು. ಖಾಲಿಯಿದ್ದಾಗಲೇ ಒಂದು ಕಿಲೊಗ್ರಾಮಿನ ಆಸುಪಾಸು ತೂಗುವ, ಮಡಚಲು ಬಾರದ ಆ ಡಬ್ಬಿ ಚೌಕಟ್ಟಿಲ್ಲದ ಚೀಲದಲ್ಲಿ ಬೆನ್ನಿಗೆ ಒತ್ತುವುದರಿಂದ, ಆ ಪ್ರದೇಶಗಳಲ್ಲಿ ನಡೆಯುವ ಅತಿಹಗುರ ಚಾರಣಿಗರಲ್ಲಿ ಹಲವರು ಚೌಕಟ್ಟು ಮತ್ತು ಸೊಂಟಪಟ್ಟಿಯ ಚೀಲಗಳಿಗೆ ಮರಳಿದ್ದಾರೆ.