ಹಳೆಯ ಗೇರ್‌ಬಾಕ್ಸು, ಕಟ್ಟಿದ ಗೇರ್‌ಬಾಕ್ಸು: ಮಂಡ್ಯ ಸೀಮೆಯ ಲಾರಿ ದುರಸ್ತಿಯ ಚರಿತ್ರೆ

ಶ್ರೀರಂಗಪಟ್ಟಣದ ಮಗ್ಗುಲಲ್ಲಿ, ಬೆಂಗಳೂರು–ಮೈಸೂರು ಹೆದ್ದಾರಿಗೆ ಅಂಟಿಕೊಂಡಂತಿರುವ ಬಾಬುರಾಯನಕೊಪ್ಪಲು ಮಂಡ್ಯ ಜಿಲ್ಲೆಯ ಸರಕು ಸಾಗಣೆಯ ಚರಿತ್ರೆಯನ್ನು ಗಮನಿಸಲು ತಕ್ಕ ಜಾಗ. ಅದರ ಸಮೀಪದ ಕಿರಂಗೂರಿನ ಬಳಿ ಪಾಂಡವಪುರ, ನಾಗಮಂಗಲಗಳ ಕಡೆಗೆ ರಸ್ತೆ ಕವಲೊಡೆಯುತ್ತದೆ, ಕೆ.ಆರ್. ಪೇಟೆಯ ಕಬ್ಬು, ಪಾಂಡವಪುರದ ಬೇಬಿ ಬೆಟ್ಟದ ಕಡೆಯ ಕಲ್ಲು ಮತ್ತು ಜಲ್ಲಿ, ನಾಲೆಬಯಲಿನ ಭತ್ತ ಮತ್ತು ಆಲೆಮನೆಗಳ ಬೆಲ್ಲ ಈ ಸುತ್ತಿನ ರಸ್ತೆಗಳಲ್ಲೇ ಸಾಗುತ್ತ ಬಂದಿವೆ. ಈ ಸಾಗಣೆಯನ್ನು ಹೊತ್ತ ಲಾರಿಗಳ ಮಾಲೀಕರು ತಲೆಮಾರುಗಳಿಂದ ಎದುರಿಸಿದ ಒಂದು ಪ್ರಶ್ನೆಯಿದೆ: ಗೇರ್‌ಬಾಕ್ಸು ಕೆಟ್ಟಾಗ ಗುಜರಿಗೆ ಬಿದ್ದ ಇನ್ನೊಂದು ಲಾರಿಯಿಂದ ಇಳಿಸಿದ ಹಳೆಯದನ್ನು ತಂದು ಕೂರಿಸಬೇಕೇ, ಅಥವಾ ಪೂರ್ತಿ ಬಿಚ್ಚಿ, ಸವೆದ ಭಾಗಗಳನ್ನೆಲ್ಲ ಬದಲಿಸಿ ಮತ್ತೆ ಕಟ್ಟಿದ್ದನ್ನು, ಅಂದರೆ ರೀಕಂಡೀಷನ್ ಮಾಡಿದ್ದನ್ನು, ಹಾಕಿಸಬೇಕೇ? ಹಣದ ಲೆಕ್ಕದಂತೆ ಕಾಣುವ ಈ ಆಯ್ಕೆಯನ್ನು ಕಾಲಕಾಲಕ್ಕೆ ನಿರ್ಧರಿಸಿದ್ದು ಯಂತ್ರದ ಒಳಗನ್ನು ಯಾರು ಬಿಚ್ಚಿ ನೋಡಬಲ್ಲರು ಎಂಬ ಸಂಗತಿಯೇ ಎಂಬುದು ಈ ಕಸುಬಿನ ಹಿನ್ನೆಲೆಯನ್ನು ಪರಿಶೀಲಿಸಿದಾಗ ತಿಳಿಯುತ್ತದೆ.

1911ರಲ್ಲಿ ಕಾಮಗಾರಿ ಆರಂಭವಾದ ಕೃಷ್ಣರಾಜಸಾಗರ ಅಣೆಕಟ್ಟು, ಅದರ ನೀರನ್ನು ಬಯಲಿಗೆ ಹರಿಸಿದ ಇರ್ವಿನ್ ನಾಲೆ (ಇಂದಿನ ವಿಶ್ವೇಶ್ವರಯ್ಯ ನಾಲೆ) ಮತ್ತು 1933ರಲ್ಲಿ ಸ್ಥಾಪನೆಯಾದ ಮೈಸೂರು ಸಕ್ಕರೆ ಕಂಪನಿ, ಈ ಮೂರೂ ಸೇರಿ ಮಂಡ್ಯ ಸೀಮೆಯನ್ನು ಕಬ್ಬಿನ ನಾಡಾಗಿಸಿದವು. 1950ರ ದಶಕದಲ್ಲಿ ಪಾಂಡವಪುರದಲ್ಲಿ ಸಹಕಾರಿ ಸಕ್ಕರೆ ಕಾರ್ಖಾನೆಯೂ ಹುಟ್ಟಿಕೊಂಡಿತು. ಕಡಿದ ಕಬ್ಬು ಬಿಸಿಲಿನಲ್ಲಿ ಉಳಿದಷ್ಟೂ ತೂಕವನ್ನೂ ಸಕ್ಕರೆಯ ಅಂಶವನ್ನೂ ಕಳೆದುಕೊಳ್ಳುವುದರಿಂದ ಅದನ್ನು ಆದಷ್ಟು ಬೇಗ, ಒಂದು ದಿನದ ಆಸುಪಾಸಿನಲ್ಲೇ, ಅರೆಯಬೇಕಾಗುತ್ತದೆ. ಹತ್ತಿರದ ಗದ್ದೆಗಳಿಂದ ಎತ್ತಿನ ಗಾಡಿಯೂ ಆಮೇಲೆ ಟ್ರ್ಯಾಕ್ಟರೂ ಈ ಕೆಲಸವನ್ನು ಮಾಡಿದರೆ, ದೂರದ ಹಳ್ಳಿಗಳಿಂದ ಲಾರಿಯೇ ಬರಬೇಕಾಯಿತು. ಹಸಿ ಮಣ್ಣಿನ ಗದ್ದೆಯೊಳಗೆ ಹಿಮ್ಮುಖವಾಗಿ ಇಳಿದು, ತುಂಬಿದ ಹೊರೆಯೊಂದಿಗೆ ಮೊದಲನೆಯ ಗೇರಿನಲ್ಲಿ ಏದುಸಿರು ಬಿಡುತ್ತ ಬದು ಹತ್ತಿ ರಸ್ತೆಗೆ ಬರುವ ಲಾರಿಯಲ್ಲಿ ಬೇಗ ಸವೆಯುವುದು ಕ್ಲಚ್ ಪ್ಲೇಟು, ಮೊದಲ ಗೇರು ಮತ್ತು ರಿವರ್ಸ್ ಗೇರು. ಜಲ್ಲಿ ಹೊರುವ ಟಿಪ್ಪರುಗಳ ಪಾಡೂ ಇದೇ.

ಹಳೆಯ ಬಿಡಿಭಾಗಗಳ ವ್ಯಾಪಾರಕ್ಕೆ ಬೇರು ಕೊಟ್ಟದ್ದು ಎರಡನೆಯ ಮಹಾಯುದ್ಧ ಮತ್ತು ಅದರ ನಂತರದ ಕೈಗಾರಿಕಾ ನೀತಿ. 1945ರ ನಂತರ ಸೈನ್ಯಕ್ಕೆ ಬೇಡವಾದ ಫೋರ್ಡ್, ಶೆವರ್ಲೆ, ಡಾಡ್ಜ್ ಲಾರಿಗಳು ಡಿಸ್ಪೋಸಲ್ ಮಾಲಾಗಿ ಖಾಸಗಿಯವರ ಕೈ ಸೇರಿದವು. ದೇಶದಲ್ಲೇ ಭಾಗಗಳನ್ನು ತಯಾರಿಸಬೇಕೆಂದು ಸರ್ಕಾರ ಪಟ್ಟು ಹಿಡಿದ ಮೇಲೆ, ಬಿಡಿಭಾಗ ತರಿಸಿ ಜೋಡಿಸುತ್ತಿದ್ದ ಅಮೆರಿಕದ ಫೋರ್ಡ್ ಮತ್ತು ಜನರಲ್ ಮೋಟಾರ್ಸ್ ಕಂಪನಿಗಳು 1954ರ ಹೊತ್ತಿಗೆ ಇಲ್ಲಿನ ಕೆಲಸವನ್ನು ನಿಲ್ಲಿಸಿದವು. ಅದೇ ವರ್ಷ ಜಮ್‌ಶೆಡ್‌ಪುರದಲ್ಲಿ ಡೈಮ್ಲರ್-ಬೆಂಜ್ ಸಹಯೋಗದ ಟಾಟಾ ಲಾರಿ ಹೊರಬಂತು, ಮದ್ರಾಸಿನ ಅಶೋಕ್ ಮೋಟಾರ್ಸ್ 1955ರಲ್ಲಿ ಅಶೋಕ್ ಲೇಲ್ಯಾಂಡ್ ಆಯಿತು. ಹೊಸ ಲಾರಿ ಸುಲಭವಾಗಿ ಸಿಗದ ಆ ದಿನಗಳಲ್ಲಿ ಹಳೆಯ ಅಮೆರಿಕನ್ ಲಾರಿಗಳು ಓಡುತ್ತಲೇ ಇದ್ದವು, ಅವುಗಳ ಹಲ್ಲುಚಕ್ರಗಳು ಮಾತ್ರ ಅಂಗಡಿಯಲ್ಲಿ ಸಿಗದಂತಾದವು. ಒಂದು ಸತ್ತ ಲಾರಿಯಿಂದ ಇನ್ನೊಂದನ್ನು ಬದುಕಿಸುವುದೇ ಆಗ ಉಳಿದ ಹಾದಿಯಾಗಿತ್ತು. ಬೆಂಗಳೂರಿನ ಶಿವಾಜಿನಗರದ ಗುಜರಿ ಅಂಗಡಿಗಳೂ ಜೆ.ಸಿ. ರಸ್ತೆಯ ಬಿಡಿಭಾಗಗಳ ಸಾಲೂ ಹಳೆಯ ಮೈಸೂರಿನ ವಾಹನ ಮಾಲೀಕರಿಗೆ ಪರಿಚಿತ ಹೆಸರುಗಳಾದವು.

ಆ ಕಾಲದ ಗೇರ್‌ಬಾಕ್ಸಿನ ರಚನೆ ಇಂಥ ವ್ಯಾಪಾರಕ್ಕೆ ಅನುಕೂಲವಾಗಿಯೇ ಇತ್ತು. 1890ರ ದಶಕದಲ್ಲಿ ಫ್ರಾನ್ಸಿನ ಎಮಿಲ್ ಲವಸೋರ್ ಬಳಕೆಗೆ ತಂದ ಜಾರುವ ಹಲ್ಲುಚಕ್ರಗಳ ಏರ್ಪಾಡನ್ನು ಮೂಲವಾಗಿ ಪಡೆದ ಈ ಪೆಟ್ಟಿಗೆಯಲ್ಲಿ ಎಂಜಿನ್ನಿನಿಂದ ಬಲ ತರುವ ಶಾಫ್ಟು, ಅದಕ್ಕೆ ಸಮಾನಾಂತರವಾಗಿ ಕೆಳಗೆ ತಿರುಗುವ ಲೇ ಶಾಫ್ಟು, ಚಕ್ರಗಳತ್ತ ಬಲ ಒಯ್ಯುವ ಮೇನ್ ಶಾಫ್ಟು, ಇವುಗಳ ಮೇಲಿನ ಗೇರುಗಳು ಮತ್ತು ಬೇರಿಂಗುಗಳು ಬಿಟ್ಟರೆ ಕಣ್ಣಿಗೆ ಮರೆಯಾದುದು ಏನೂ ಇಲ್ಲ. ಹಳೆಯದೊಂದನ್ನು ಕೊಳ್ಳುವ ಮುನ್ನ ಮೇಸ್ತ್ರಿ ಮೊದಲು ತಳದ ಬಿರಡೆ ತೆಗೆದು ಆಯಿಲನ್ನು ಬಸಿಯುತ್ತಾನೆ. ಆಯಿಲನ್ನು ಬೆರಳುಗಳ ನಡುವೆ ಉಜ್ಜಿದಾಗ ಮಿನುಗುವ ಸಣ್ಣ ಪುಡಿ ಸಹಜ ಸವೆತವನ್ನೂ, ಚೂರು ಚೂರಾದ ಕಬ್ಬಿಣ ಮುರಿದ ಹಲ್ಲನ್ನೂ ಸೂಚಿಸುತ್ತದೆ. ಆಮೇಲೆ ಮೇಲಿನ ಮುಚ್ಚಳವನ್ನು ಬಿಚ್ಚಿ, ಶಾಫ್ಟನ್ನು ಕೈಯಿಂದ ತಿರುಗಿಸುತ್ತ, ಪ್ರತಿ ಹಲ್ಲಿನ ಮುಖದಲ್ಲಿ ಗುಳಿ ಬಿದ್ದಿದೆಯೇ, ಗೇರು ಕಚ್ಚಿಕೊಳ್ಳುವ ಅಂಚು ದುಂಡಗಾಗಿದೆಯೇ ಎಂದು ನೋಡುತ್ತಾನೆ, ಏಕೆಂದರೆ ಅಂಚು ದುಂಡಗಾದ ಗೇರು ಭಾರ ಬಿದ್ದಾಗ ತಾನಾಗಿ ಹಾರಿ ನ್ಯೂಟ್ರಲ್‌ಗೆ ಬರುತ್ತದೆ. ಮೇನ್ ಶಾಫ್ಟನ್ನು ಹಿಡಿದು ಮೇಲೆ ಕೆಳಗೆ ಅಲುಗಿಸಿದಾಗ ಆಟ ಕೊಟ್ಟರೆ ಬೇರಿಂಗು ಹೋಗಿದೆ ಎಂದರ್ಥ. ಈ ಪರೀಕ್ಷೆಗೆ ಬೇಕಾದುದು ಸ್ಪಾನರು ಮತ್ತು ಪಳಗಿದ ಕಣ್ಣು. ಕ್ಲೀನರಾಗಿ ಸೇರಿ ಗ್ಯಾರೇಜಿನಲ್ಲೇ ಕಲಿತವರಿಗೆ ಇವೆರಡೂ ದೊರೆಯುತ್ತಿದ್ದವು.

ಇಲ್ಲಿ ಕಾನೂನಿನ ಒಂದು ಅಂಶವನ್ನೂ ಗಮನಿಸಬೇಕು. ವಾಹನದ ನೋಂದಣಿ ಪತ್ರದಲ್ಲಿ, ಅಂದರೆ ಆರ್.ಸಿ.ಯಲ್ಲಿ, ಚಾಸಿ ಸಂಖ್ಯೆ ಮತ್ತು ಎಂಜಿನ್ ಸಂಖ್ಯೆ ದಾಖಲಾಗುತ್ತವೆಯೇ ಹೊರತು ಗೇರ್‌ಬಾಕ್ಸಿನ ಸಂಖ್ಯೆ ದಾಖಲಾಗುವುದಿಲ್ಲ. ಆದ್ದರಿಂದ ಅದು ಎಷ್ಟು ಲಾರಿಗಳನ್ನು ಬದಲಿಸಿದರೂ ಕಾಗದದಲ್ಲಿ ಗುರುತು ಉಳಿಯದು. ಹಳೆಯ ಗೇರ್‌ಬಾಕ್ಸಿನ ವ್ಯಾಪಾರ ಸುಲಭವಾದುದೂ, ಅದು ಬಾಯಿಮಾತಿನ ನಂಬಿಕೆಯ ಮೇಲೆ ನಿಂತುದೂ ಇದರಿಂದಲೇ. ಕಾಲದ ಒತ್ತಡವೂ ಇದೇ ದಿಕ್ಕಿಗೆ ತಳ್ಳುತ್ತಿತ್ತು: ಬಿಚ್ಚಿ ಕಟ್ಟಲು ಸಾಮಾನು ತರಿಸಿ, ಲೇತಿಗೆ ಕೊಟ್ಟು, ಮತ್ತೆ ಜೋಡಿಸಲು ದಿನಗಳೇ ಹಿಡಿದರೆ, ಹಳೆಯದೊಂದನ್ನು ಇಳಿಸಿ ಏರಿಸುವ ಕೆಲಸ ಬೇಗ ಮುಗಿಯುತ್ತದೆ. ಕಬ್ಬು ಅರೆಯುವ ಹಂಗಾಮಿನ ನಡುವೆ ಲಾರಿ ನಿಲ್ಲಿಸಿಕೊಂಡ ಮಾಲೀಕನು ಹಳೆಯದರತ್ತ ವಾಲಿದರೆ ಅದನ್ನು ಜಿಪುಣತನವೆನ್ನಲಾಗದು. ಬಾಡುವ ಕಬ್ಬಿನ ನಷ್ಟ ರೈತನಿಗೂ ತಟ್ಟುತ್ತದೆ.

ಕಟ್ಟಿದ ಗೇರ್‌ಬಾಕ್ಸಿಗೆ ಶಿಸ್ತು ತಂದದ್ದು ಮುಖ್ಯವಾಗಿ ಸಾರ್ವಜನಿಕ ಸಾರಿಗೆ. 1948ರಲ್ಲಿ ಮೈಸೂರು ಸರ್ಕಾರದ ಇಲಾಖೆಯಾಗಿ ಹುಟ್ಟಿ 1961ರಲ್ಲಿ ನಿಗಮವಾದ ರಾಜ್ಯ ರಸ್ತೆ ಸಾರಿಗೆ ಸಂಸ್ಥೆ ತನ್ನ ಬಸ್ಸುಗಳಿಗಾಗಿ ಕೆಂಗೇರಿ, ಹಾಸನಗಳಲ್ಲಿ ಪ್ರಾದೇಶಿಕ ಕಾರ್ಯಾಗಾರಗಳನ್ನು ನಡೆಸಿಕೊಂಡು ಬಂದಿದೆ. ಡಿಪೋದಲ್ಲಿ ಕೆಟ್ಟ ಗೇರ್‌ಬಾಕ್ಸನ್ನು ಅಲ್ಲೇ ತೇಪೆ ಹಾಕದೆ ಇಳಿಸಿ ಕಾರ್ಯಾಗಾರಕ್ಕೆ ಕಳಿಸುವುದು, ಅಲ್ಲಿಂದ ಮೊದಲೇ ಕಟ್ಟಿ ಸಿದ್ಧವಾದ ಇನ್ನೊಂದನ್ನು ಪಡೆದು ಬಸ್ಸನ್ನು ರಸ್ತೆಗಿಳಿಸುವುದು ಇಂಥ ವಿನಿಮಯ ಪದ್ಧತಿಯ ಸಾರ. ಬೇಗ ಸಿಗುವುದು ಹಳೆಯದರ ಗುಣ, ಭರವಸೆ ಕಟ್ಟಿದ್ದರ ಗುಣ. ಎರಡನ್ನೂ ಒಟ್ಟಿಗೆ ದೊರಕಿಸಿಕೊಟ್ಟ ಈ ಪದ್ಧತಿ ಒಂದೆರಡು ಲಾರಿಗಳ ಮಾಲೀಕನಿಗೆ ಎಟುಕಲಿಲ್ಲ ಎಂಬುದು ವಿಷಾದದ ಸಂಗತಿ. ಸಕ್ಕರೆ ಕಾರ್ಖಾನೆಗಳ ಸುತ್ತ ಲಾರಿ ಮಾಲೀಕರ ಸಹಕಾರಿ ಕಾರ್ಯಾಗಾರಗಳು ಬೆಳೆದಿದ್ದರೆ ಈ ಸೀಮೆಯ ಸಾಗಣೆ ಬೇರೆಯೇ ಸ್ವರೂಪ ಪಡೆಯಬಹುದಿತ್ತು.

ಸ್ವಯಂಚಾಲಿತ, ಅಂದರೆ ಆಟೊಮ್ಯಾಟಿಕ್, ಗೇರ್‌ಬಾಕ್ಸು ಬಂದಾಗ ಈ ತಕ್ಕಡಿ ಏರುಪೇರಾಯಿತು. ಕ್ಲಚ್ಚಿನ ಬದಲು ಎಣ್ಣೆಯ ಹರಿವಿನಿಂದ ಬಲ ದಾಟಿಸುವ ಟಾರ್ಕ್ ಕನ್ವರ್ಟರಿನ ಮೂಲ ತತ್ತ್ವಕ್ಕೆ ಜರ್ಮನಿಯ ಹೆರ್ಮನ್ ಫೋಟಿಂಗರ್ 1905ರಲ್ಲೇ ಪೇಟೆಂಟ್ ಪಡೆದಿದ್ದರೂ, ಕಾರುಗಳಲ್ಲಿ ಸ್ವಯಂಚಾಲಿತ ಗೇರು ಬದಲಾವಣೆ ಜನಪ್ರಿಯವಾದುದು ಜನರಲ್ ಮೋಟಾರ್ಸ್ 1939ರಲ್ಲಿ ತಂದ ಹೈಡ್ರಾಮ್ಯಾಟಿಕ್‌ನಿಂದ. ಕರ್ನಾಟಕದಲ್ಲಿ ಇದು ಮೊದಲು ನೆಲೆಯೂರಿದ್ದು ಗಣಿಗಳ ಭಾರೀ ಡಂಪರುಗಳಲ್ಲಿ. ಶ್ರೀರಂಗಪಟ್ಟಣಕ್ಕೆ ಹೆಚ್ಚು ದೂರವಲ್ಲದ ಮೈಸೂರಿನ ಬೆಳವಾಡಿಯ ಬಿ.ಇ.ಎಂ.ಎಲ್. ಕಾರ್ಖಾನೆಯಲ್ಲೇ ಅಂಥ ಡಂಪರುಗಳು ತಯಾರಾದವು. 2000ದ ದಶಕದಲ್ಲಿ ಬೆಂಗಳೂರಿನ ವೋಲ್ವೊ ನಗರ ಬಸ್ಸುಗಳು ಇದನ್ನು ಜನಸಾಮಾನ್ಯರ ಕಣ್ಣಿಗೆ ತಂದವು. ಇತ್ತೀಚಿನ ಲಾರಿಗಳಲ್ಲಿ ಕಾಣುವ ಎ.ಎಂ.ಟಿ. ಎಂಬುದು ಇದಕ್ಕಿಂತ ಭಿನ್ನ: ಅದು ಹಳೆಯ ರೀತಿಯ ಹಲ್ಲುಚಕ್ರಗಳ ಪೆಟ್ಟಿಗೆಯೇ, ಕ್ಲಚ್ ಒತ್ತುವ ಮತ್ತು ಗೇರು ಹಾಕುವ ಕೆಲಸವನ್ನಷ್ಟೇ ಚಾಲಕನ ಬದಲು ಯಂತ್ರ ಮಾಡುತ್ತದೆ. ಆದ್ದರಿಂದ ಎ.ಎಂ.ಟಿ.ಯ ಹಲ್ಲು, ಬೇರಿಂಗುಗಳನ್ನು ನಮ್ಮ ಮೇಸ್ತ್ರಿಗಳು ಈಗಲೂ ಕಣ್ಣಿಟ್ಟು ಪರೀಕ್ಷಿಸಬಲ್ಲರು.

ನಿಜವಾದ ಆಟೊಮ್ಯಾಟಿಕ್‌ನಲ್ಲಿ ಈ ಅನುಕೂಲವಿಲ್ಲ. ಅದರ ಸವೆತ ಅಡಗಿರುವುದು ಎಣ್ಣೆಯಲ್ಲಿ ಮುಳುಗಿದ ಘರ್ಷಣೆಯ ಬಿಲ್ಲೆಗಳಲ್ಲಿ, ರಬ್ಬರಿನ ಸೀಲುಗಳಲ್ಲಿ, ಎಣ್ಣೆಗೆ ದಾರಿ ತೋರುವ ಸಣ್ಣ ಕವಾಟಗಳ ಫಲಕದಲ್ಲಿ. ಹೊರಗಿನಿಂದ ಸಿಗುವ ಸುಳಿವೆಂದರೆ ಎಣ್ಣೆಯೊಂದೇ. ಸಾಮಾನ್ಯವಾಗಿ ಕೆಂಪಾಗಿರುವ ಆ ಎಣ್ಣೆ ಕಪ್ಪಾಗಿ ಸುಟ್ಟ ವಾಸನೆ ಬೀರಿದರೆ ಬಿಲ್ಲೆಗಳು ಉರಿದಿವೆ ಎಂದು ತಿಳಿಯಬಹುದು, ಆದರೆ ಮಾರುವ ಮುನ್ನ ಎಣ್ಣೆ ಬದಲಿಸಿಟ್ಟರೆ ಆ ಸುಳಿವೂ ಅಳಿಸಿಹೋಗುತ್ತದೆ. ಜೊತೆಗೆ ಇದನ್ನು ಆಳುವ ಎಲೆಕ್ಟ್ರಾನಿಕ್ ನಿಯಂತ್ರಕ ಲಾರಿಯ ಎಂಜಿನ್ನಿಗೆ ಹೊಂದದಿದ್ದರೆ ಒಳ್ಳೆಯ ಪೆಟ್ಟಿಗೆಯೂ ಕೆಲಸಕ್ಕೆ ಬಾರದು. ಕಟ್ಟಿದ್ದೆಂದು ಮಾರುವುದರಲ್ಲೂ ಎಚ್ಚರ ಅಗತ್ಯ: ಬಿಲ್ಲೆ, ಸೀಲು, ಬುಷ್‌ಗಳನ್ನೆಲ್ಲ ಹೊಸದಾಗಿ ಹಾಕಿ, ಟಾರ್ಕ್ ಕನ್ವರ್ಟರನ್ನು ಬದಲಿಸಿ ಅಥವಾ ಕತ್ತರಿಸಿ ತೊಳೆದು ಮತ್ತೆ ಬೆಸೆದು, ಪರೀಕ್ಷಾ ಯಂತ್ರದ ಮೇಲೆ ಓಡಿಸಿ ನೋಡಿದ್ದು ಮಾತ್ರ ಆ ಹೆಸರಿಗೆ ಅರ್ಹ. ಅಂಥದನ್ನು ತಂದರೂ ಲಾರಿಯ ಎಣ್ಣೆ ತಣಿಸುವ ಕೂಲರನ್ನು ತೊಳೆಯದೆ ಬಿಟ್ಟರೆ, ಹಳೆಯ ಗೇರ್‌ಬಾಕ್ಸು ಉದುರಿಸಿದ ಚೂರುಗಳು ಹೊಸದರೊಳಗೆ ಹರಿದು ಅದನ್ನೂ ಹಾಳುಮಾಡುತ್ತವೆ.

ಹೀಗಾಗಿ ಲವಸೋರನ ಕಾಲದಿಂದ ಬಂದ ಬಗೆಯ ಗೇರ್‌ಬಾಕ್ಸಿಗೆ ನುರಿತ ಮೇಸ್ತ್ರಿ ಜೊತೆಗಿದ್ದರೆ ಹಳೆಯದು ನ್ಯಾಯವಾದ ಆಯ್ಕೆ; ಆಟೊಮ್ಯಾಟಿಕ್‌ಗಾದರೆ ಬದಲಿಸಿದ ಭಾಗಗಳ ಪಟ್ಟಿ, ಪರೀಕ್ಷೆಯ ವರದಿ ಮತ್ತು ಬರಹದ ಖಾತರಿ ಸಹಿತ ಕಟ್ಟಿದ್ದೇ ಮೇಲು, ಅಗ್ಗವೆಂದು ಕಣ್ಣು ಮುಚ್ಚಿ ತಂದ ಹಳೆಯದು ಎರಡು ಸಲದ ಖರ್ಚಾಗುವ ಸಂಭವವೇ ಹೆಚ್ಚು. 2021ರಲ್ಲಿ ಕೇಂದ್ರ ಸರ್ಕಾರ ನೋಂದಾಯಿತ ಗುಜರಿ ಕೇಂದ್ರಗಳ ನಿಯಮಗಳನ್ನು ತಂದಿರುವುದರಿಂದ ಹಳೆಯ ಲಾರಿಗಳನ್ನು ಬಿಚ್ಚುವ ಕೆಲಸ ದಾಖಲೆಯ ಚೌಕಟ್ಟಿಗೆ ಬರುತ್ತಿದೆ; ಅಲ್ಲಿಂದ ಹೊರಬರುವ ಪ್ರತಿ ಗೇರ್‌ಬಾಕ್ಸಿನ ಸಂಖ್ಯೆ ಮತ್ತು ಅದು ಓಡಿದ ದೂರವನ್ನು ಬರೆದು ಕೊಡುವ ಏರ್ಪಾಡು ಆಗಬೇಕು. ಮಂಡ್ಯ ಜಿಲ್ಲೆಯ ಐ.ಟಿ.ಐ.ಗಳು ಆಟೊಮ್ಯಾಟಿಕ್ ಮತ್ತು ಎ.ಎಂ.ಟಿ. ಗೇರ್‌ಬಾಕ್ಸುಗಳನ್ನು ಬಿಚ್ಚಿ ಕಟ್ಟುವ ಪಾಠವನ್ನು ಕೈಗೆತ್ತಿಕೊಂಡು, ಗ್ಯಾರೇಜುಗಳಲ್ಲಿ ಪಳಗಿದ ಹಿರಿಯ ಮೇಸ್ತ್ರಿಗಳನ್ನೇ ಅದಕ್ಕೆ ಗುರುಗಳಾಗಿ ಕರೆಯಬೇಕು.