ಹಡಗಿನ ಕಹಿ, ಊರ ಹುಳಿ
ಈಚಲು ಮರದ ಸಿಂದಿ ಮುಂಜಾನೆ ಸಿಹಿ, ಇಳಿಹೊತ್ತಿಗೆ ಹುಳಿ. ಇದನ್ನು ರಾಮದುರ್ಗದ ಕಡೆಯ ಓದುಗರಿಗೆ ನಾವು ಹೇಳಬೇಕಾದುದಿಲ್ಲ. ದಂಡಿನ ಆಂಗ್ಲರಿಗೆ ಬೇಕಾಗಿದ್ದುದು ಕೆಡದ ಪೇಯ. ಲಂಡನ್ನಿನ ಹಾಡ್ಜ್‌ಸನ್ನನ ಮನೆತನವೂ, 1822ರಿಂದೀಚೆಗೆ ಬರ್ಟನ್ನಿನ ಆಲ್ಸಾಪ್ಪನೂ ಕಳುಹಿದ ಪೇಲ್ ಏಲ್ ಆಫ್ರಿಕೆಯನ್ನು ಸುತ್ತಿ ನಾಲ್ಕಾರು ತಿಂಗಳು ಪೀಪಾಯಿಯಲ್ಲಿ ಕುಲುಕುತ್ತ ಬರುತ್ತಿದ್ದಿತು. ಹಾಪ್ಸ್ ಹೂವನ್ನು ಧಾರಾಳವಾಗಿ ಹಾಕಿದ್ದರಿಂದ ಅದು ಕೆಡದೆ, ಪಯಣದಲ್ಲೇ ಪಕ್ವವಾಗುತ್ತಿದ್ದಿತು. ಅಧಿಕಾರಿಗಳಿಗೆ ಅದು, ಸಾಮಾನ್ಯ ಸಿಪಾಯಿಗೆ ಬಹುಮಟ್ಟಿಗೆ ಕಪ್ಪು ಪೋರ್ಟರೇ ಗತಿ!

1915ರಲ್ಲಿ ಥಾಮಸ್ ಲೀಶ್‌ಮನ್ ದಕ್ಷಿಣದ ಐದು ಬಿಯರ್ ಕಾರಖಾನೆಗಳನ್ನು ಕೂಡಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದನು. ಬೆಂಗಳೂರಿನ ತಾಜಾ ಬಿಯರಿಗೆ ಸಮುದ್ರದ ಪಾಕವಿರಲಿಲ್ಲ. ಆದರೆ ಹಾಪ್ಸ್ ನಮ್ಮ ಬಯಲುಸೀಮೆಯ ಬೆಳೆಯಲ್ಲ. ಊರ ಬಿಯರಿನ ಕಹಿಯೂ ಹಡಗಿನಲ್ಲೇ ಬರಬೇಕಾಗಿದ್ದಿತು. ಸಿಂದಿಯೊಂದೇ ಅಪ್ಪಟ ಸ್ಥಳೀಯ.

1948ರಲ್ಲಿ ರಾಮದುರ್ಗ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಮರುವರ್ಷದ ಪಾನನಿರೋಧ ಕಾಯಿದೆಯು ಸಿಂದಿ, ಏಲ್ ಎರಡನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿತು.